ಪ್ರಿಯಾ ಬಗ್ಗಿದ್ದು

ನಾಲ್ಕು ವರ್ಷದಲ್ಲಿ ನಾನು ಹಗರಿಬೊಮ್ಮನಹಳ್ಳಿಯ ಮಕ್ಕಳಿಗೆ ಒದೆಯುವುದನ್ನು ಕಲಿಸಿದ್ದು ಕಡಿಮೆ, ಒದ್ದ ಮೇಲೆ ಸುಮ್ಮನಿರುವುದನ್ನು ಕಲಿಸಿದ್ದೇ ಹೆಚ್ಚು. ಟೇಕ್ವಾಂಡೊ ಕಾಲಿನ ಆಟ. ನಮ್ಮ ಕಡೆಯ ಮಕ್ಕಳಿಗೋ ಕಾಲೆಂದರೆ ಇನ್ನೊಬ್ಬರಿಗೆ ತಾಗಲೇಬಾರದ ಅಂಗ. ಬಸ್ಸಿನಲ್ಲಿ ಗುರುತಿಲ್ಲದವರಿಗೆ ತಗುಲಿದರೂ ಬಗ್ಗಿ, ತಗುಲಿದ ಜಾಗವನ್ನು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. ಇಲ್ಲದಿದ್ದರೆ ಅವ್ವಂದಿರು ತಲೆಯ ಮೇಲೆ ಮೊಟಕುತ್ತಾರೆ. ಅಂಥ ಮಕ್ಕಳನ್ನು ಎದುರುಬದುರು ನಿಲ್ಲಿಸಿ ಮುಖಕ್ಕೆ ಒದಿ ಎಂದರೆ ಏನಾಗುತ್ತದೆ? ಒದೆಯುತ್ತವೆ, ಒದ್ದ ಮರುಗಳಿಗೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತವೆ. ಅಷ್ಟರಲ್ಲಿ ಎದುರಿನವನು ಎರಡು ಬಾರಿಸಿರುತ್ತಾನೆ.

ಈ ಚಾಳಿ ಬಿಡಿಸಲು ನಾನೊಂದು ಕಾನೂನು ಮಾಡಿದ್ದೆ. ಒಂದು ಸಲ ಮುಟ್ಟಿದರೆ ಹತ್ತು ದಂಡ ಹೊಡೆಯಬೇಕು. ಕೀರ್ತನಾ ಹೊಡೆದಷ್ಟು ದಂಡವನ್ನು ನಮ್ಮ ತಾಲ್ಲೂಕಿನ ಪೈಲ್ವಾನರೂ ಹೊಡೆದಿರಲಿಕ್ಕಿಲ್ಲ. ಅವಳ ಕಾಲು ಮಿಂಚು, ಆದರೆ ಒದ್ದ ತಕ್ಷಣ ಕೈ ತಾನಾಗಿಯೇ ಚಾಚಿಕೊಳ್ಳುತ್ತಿತ್ತು. ದಂಡ ಎಣಿಸುವ ಕೆಲಸ ಪ್ರಿಯಾಳದು. ಇಡೀ ತರಗತಿಯಲ್ಲಿ ಆ ತಪ್ಪಿಗೆ ಒಂದೇ ಒಂದು ದಂಡವನ್ನೂ ಹೊಡೆಯದವಳು ಅವಳೊಬ್ಬಳೇ. ‘ಇನ್ನೂ ಆರು ಐತಿ, ಏಳವ್ವಾ’ ಎಂದು ಅವಳು ಕಾಡಿಸುವುದು, ಕೀರ್ತನಾ ನೆಲದ ಮೇಲಿಂದಲೇ ಅವಳನ್ನು ಬೈಯುವುದು ದಿನದ ಕಾರ್ಯಕ್ರಮವಾಗಿತ್ತು. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ತೂಕದವರು, ಒಂದೇ ಕಾಲೇಜು. ನಾಲ್ಕು ವರ್ಷ ಒಬ್ಬಳನ್ನೊಬ್ಬಳು ಒದ್ದುಕೊಂಡೇ ಗೆಳತಿಯರಾದವರು.

ಪ್ರಿಯಾಳಿಗೆ ಆ ಚಾಳಿ ಯಾಕಿರಲಿಲ್ಲ ಎಂಬುದನ್ನು ಹೇಳಬೇಕು. ಅವಳ ಅಪ್ಪ ಭೀಮರಾಜ ಕೊಟ್ಟೂರಿನಲ್ಲಿ ಲೈನ್‌ಮನ್, ಮನೆ ನಮ್ಮೂರಲ್ಲೇ. ಮಗಳನ್ನು ಸೇರಿಸಲು ಬಂದ ದಿನ ಬಾಗಿಲಲ್ಲೇ ನಿಂತು ಒಂದು ತಾಸು ತರಗತಿ ನೋಡಿದರು. ಹೋಗುವಾಗ ಕೇಳಿದ್ದು ಒಂದೇ ಪ್ರಶ್ನೆ. ಆಟದ ಮೊದಲಿಗೂ ಕೊನೆಗೂ ಮಕ್ಕಳು ಬಗ್ಗುತ್ತಾರಲ್ಲ, ಅದು ಯಾರಿಗೆ? ಆಡುವ ಇಬ್ಬರೂ ಒಬ್ಬರಿಗೊಬ್ಬರು ಬಗ್ಗುತ್ತಾರೆ, ನನಗೆ ಬಗ್ಗಿದರೆ ನಾನೂ ತಿರುಗಿ ಬಗ್ಗುತ್ತೇನೆ ಎಂದೆ.

“ಇಬ್ರೂ ಬಗ್ಗೋದಾದ್ರ ಅಡ್ಡಿಯಿಲ್ರಿ ಸರ್. ಒಬ್ರೇ ಬಗ್ಗೋದು ನಮ್ಮ ಮನ್ಯಾಗ ನಮ್ಮಪ್ಪನ ಕಾಲಕ್ಕ ಮುಗೀತು.”

ಅವರ ಅಪ್ಪ ಕೊಟ್ರಬಸಪ್ಪ ಉಚ್ಚಂಗಿದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ದೊಡ್ಡವರ ಮನೆಗಳ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ ನಡೆದು ಬದುಕಿದವರು. ಭೀಮರಾಜ ನೌಕರಿ ಹಿಡಿದು ಊರು ಬಿಟ್ಟ ದಿನವೇ ನಿಶ್ಚಯ ಮಾಡಿದ್ದರಂತೆ, ನನ್ನ ಮಕ್ಕಳು ಯಾರ ಕಾಲನ್ನೂ ಮುಟ್ಟುವುದಿಲ್ಲ, ತಮ್ಮ ಕಾಲನ್ನೂ ಯಾರಿಂದಲೂ ಮುಟ್ಟಿಸಿಕೊಳ್ಳುವುದಿಲ್ಲ ಎಂದು. ಹಾಗಾಗಿ ಪ್ರಿಯಾಳ ಕಾಲು ತಾಗಿದರೆ ಅವಳು ಕಣ್ಣಲ್ಲಿ ಕಣ್ಣಿಟ್ಟು ‘ಸಾರಿ’ ಎನ್ನುತ್ತಿದ್ದಳು, ಅಷ್ಟೆ. ನನಗೆ ಅದು ಆಟಕ್ಕೆ ಅನುಕೂಲವಾಗಿ ಕಂಡಿತ್ತೇ ಹೊರತು ಅದರ ಹಿಂದಿದ್ದ ಬಗ್ಗಿದ ಬೆನ್ನು ಕಂಡಿರಲಿಲ್ಲ.

ಇನ್ನು ಕೀರ್ತನಾಳ ಅಪ್ಪ ಓಬಳೇಶಪ್ಪನವರು. ಕುರಿ ವ್ಯಾಪಾರಸ್ಥರು, ನಮ್ಮ ಸಮಾಜದ ಹಿರಿಯರು, ಮೈಲಾರಲಿಂಗನ ಒಕ್ಕಲು. ಖಾಸಗಿ ಶಾಲೆಯ ಪಿ.ಟಿ. ಮಾಸ್ತರನಾದ ನನಗೆ ಸಮುದಾಯ ಭವನದ ಹಾಲನ್ನು ಬೆಳಗಿನ ತರಗತಿಗೆ ಬಿಡಿಸಿಕೊಟ್ಟವರು ಅವರೇ. ಅವರ ಒಂದು ಮಾತು ಸಾಕು, ಭವನ ಸಿಗುತ್ತದೆ. ಒಂದು ಮಾತು ಸಾಕು, ಹೋಗುತ್ತದೆ. ಇದನ್ನು ಅವರು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ನಾನು ಮಾತ್ರ ಯಾವತ್ತೂ ಮರೆತಿಲ್ಲ.

ಕಳೆದ ವರ್ಷ ಗೋವಾದಲ್ಲಿ ಪುರುಷರ ಮತ್ತು ಮಹಿಳೆಯರ ಅಂತಾರಾಷ್ಟ್ರೀಯ ಟೇಕ್ವಾಂಡೊ ಚಾಂಪಿಯನ್‌ಶಿಪ್ ನಡೆಯಿತು. ನಾನು ಹೊಸಪೇಟೆಯಿಂದ ರೈಲು ಹತ್ತಿಸಿಕೊಂಡು ಹೋದದ್ದು ಈ ಇಬ್ಬರನ್ನೇ, ಜೊತೆಗೆ ಕೀರ್ತನಾಳ ಸೋದರತ್ತೆ ಈರಕ್ಕ. ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ಮಲೇಶಿಯಾದಿಂದ ಆಟಗಾರರು ಬಂದಿದ್ದರು. ನಮ್ಮ ಹುಡುಗಿಯರಿಬ್ಬರೂ ನಲವತ್ತೊಂಬತ್ತು ಕೆ.ಜಿ. ಒಳಗಿನವರು. ಒಂದೊಂದು ಆಟ ಗೆದ್ದರೆ ಊರಲ್ಲಿ ಹೇಳಿಕೊಳ್ಳಬಹುದು ಎಂದಷ್ಟೇ ನನ್ನ ಆಸೆ. ಆದರೆ ಕೀರ್ತನಾ ಸೆಮಿಫೈನಲ್‌ನಲ್ಲಿ ಶ್ರೀಲಂಕಾದವಳನ್ನು ಸೋಲಿಸಿದಳು. ಒಂದು ತಾಸಿನ ಮೇಲೆ ಪ್ರಿಯಾ ನೇಪಾಳದವಳನ್ನು, ತನಗಿಂತ ಗೇಣುದ್ದ ಎತ್ತರದವಳನ್ನು, ನೀರು ಕುಡಿದಷ್ಟು ಸಲೀಸಾಗಿ ಸೋಲಿಸಿದಳು. ನಾನು ಅತ್ತುಬಿಟ್ಟೆ. ಅಂತಾರಾಷ್ಟ್ರೀಯ ಫೈನಲ್‌ನಲ್ಲಿ ಎರಡೂ ಕಡೆ ನನ್ನ ತರಗತಿಯ ಮಕ್ಕಳು! ಇಂಥ ಭಾಗ್ಯ ಯಾವ ಮಾಸ್ತರನಿಗೆ ಸಿಗುತ್ತದೆ?

ಆ ಸಂಜೆ ಓಬಳೇಶಪ್ಪನವರಿಗೆ ಫೋನ್ ಮಾಡಿದೆ. ನಾಳೆ ಫೈನಲ್, ಎದುರಿಗೆ ನಮ್ಮ ಪ್ರಿಯಾನೇ ಎಂದು ಸ್ಪಷ್ಟವಾಗಿ ಹೇಳಿದೆ. ಅವರು ಖುಷಿಯಿಂದ ನಕ್ಕರು. ಆಗಲೇ ಫ್ಲೆಕ್ಸ್ ಬರೆಸಲು ಹೇಳಿದ್ದಾರಂತೆ, ಚಿನ್ನದ ಪದಕ ವಿಜೇತೆ ಎಂದೇ. ಬಸ್ ಸ್ಟ್ಯಾಂಡ್ ಸರ್ಕಲ್‌ನಲ್ಲಿ ಕಂಬಳಿ ಹೊದಿಸಿ ಸನ್ಮಾನ, ಹಿರಿಯರಿಗೆಲ್ಲ ಹೇಳಿ ಆಗಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮವರಿಗೆ ಹೊಸದಲ್ಲ. ಆದರೂ ನಾನು, ಅಣ್ಣಾ, ಇಬ್ಬರೂ ಚೆನ್ನಾಗಿ ಆಡುತ್ತಾರೆ, ಏನೂ ಹೇಳಲಿಕ್ಕಾಗುವುದಿಲ್ಲ ಎಂದೆ.

“ಎದುರಿಗೆ ನಿಂತಾಕಿ ಭೀಮರಾಜನ ಮಗಳು ಅಲ್ಲೇನೋ ಬೀರಲಿಂಗೇಶ? ಹಂಗಾರ ಏನು ಚಿಂತಿ? ಆಕಿ ಹೇಳಿದ್ರ ಕೇಳ್ತಾಳ.”

ಗದರಿಸಲಿಲ್ಲ, ಬೆದರಿಸಲಿಲ್ಲ. ಭವನದ ಮಾತು ಎತ್ತಲಿಲ್ಲ. ಸಂಜೆಯಾಯಿತು, ಕುರಿ ಹಟ್ಟಿಗೆ ಹೊಡಿ ಎಂದು ಹೇಳಿದಷ್ಟು ಸಹಜವಾಗಿ ಹೇಳಿ ಫೋನ್ ಇಟ್ಟರು. ಅವರನ್ನು ಬೈದು ಏನು ಪ್ರಯೋಜನ? ಅವರು ಹೇಳಿದ್ದು ಒಂದು ಮಾತು. ಮಾಡಿದವನು ನಾನು. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರಲ್ಲ, ಆ ಬೇಲಿ ನಾನು.

ಮರುದಿನ ಬೆಳಿಗ್ಗೆ ಕ್ರೀಡಾಂಗಣದ ನೀರಿನ ಯಂತ್ರದ ಹತ್ತಿರ ಪ್ರಿಯಾ ಬಾಟಲಿ ತುಂಬಿಕೊಳ್ಳುತ್ತಿದ್ದಳು. ನಾನು ಪಕ್ಕಕ್ಕೆ ಹೋಗಿ ನಿಂತೆ. ಕೀರ್ತನಾಳಿಗೆ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಬಹುಶಃ ಇದೇ ಅವಳ ಕೊನೆಯ ಟೂರ್ನಮೆಂಟ್, ನಿನಗಾದರೆ ಮುಂದೆ ಬೇಕಾದಷ್ಟಿವೆ ಎಂದೆ. ಗಂಡು ನೋಡುವ ಮಾತು ಶುದ್ಧ ಸುಳ್ಳು. ನಾಲಿಗೆಗೆ ಎಲುಬಿಲ್ಲ, ನನ್ನ ನಾಲಿಗೆಗೆ ಆವತ್ತು ನಾಚಿಕೆಯೂ ಇರಲಿಲ್ಲ. ಕೊನೆಗೆ, ನೋಡಿಕೊಂಡು ಆಡು ಎಂದೆ.

“ನೋಡ್ಕೊಂಡು ಅಂದ್ರ ಹೆಂಗ್ ಸರ್?”

ನಿನಗೆ ಗೊತ್ತಾಗುತ್ತದೆ ಎಂದೆ. ಬಾಟಲಿ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಅವಳು ನಲ್ಲಿ ನಿಲ್ಲಿಸಿ, ಮುಚ್ಚಳ ತಿರುಗಿಸಿ, ನನ್ನತ್ತ ನೆಟ್ಟಗೆ ನಿಂತು ತರಗತಿಯಲ್ಲಿ ಮಾಡುವಂತೆ ಬಗ್ಗಿದಳು. ನಾನು ತಿರುಗಿ ಬಗ್ಗಬೇಕಿತ್ತು. ಬಗ್ಗಲಿಲ್ಲ. ಯಾರೋ ಕರೆದವರಂತೆ ಆ ಕಡೆ ನಡೆದುಬಿಟ್ಟೆ.

ಫೈನಲ್ ಹೊತ್ತಿಗೆ, ಇಬ್ಬರೂ ನನ್ನವರೇ ಆದ್ದರಿಂದ ಯಾರ ಮೂಲೆಯ ಕೋಚ್ ಕುರ್ಚಿಯಲ್ಲೂ ಕೂರುವುದಿಲ್ಲ ಎಂದು ಹೇಳಿ ದೊಡ್ಡ ನ್ಯಾಯವಂತನ ಹಾಗೆ ಕಟಕಟೆಯ ಹಿಂದೆ ನಿಂತೆ. ಎರಡೂ ಕುರ್ಚಿ ಖಾಲಿ. ಮೊದಲ ಸುತ್ತು ಪ್ರಿಯಾ ಗೆದ್ದಳು. ನನ್ನ ಕೈಯಾರೆ ಬೆಳೆಸಿದ ಹುಡುಗಿ ಗೆದ್ದದ್ದಕ್ಕೆ ನನಗೆ ಹೆದರಿಕೆಯಾಯಿತು, ಇದಕ್ಕಿಂತ ಹೇಸಿಗೆ ಇನ್ನೇನಿದೆ? ಎರಡನೆಯದು ಕೀರ್ತನಾಳಿಗೆ ಹೋಯಿತು. ಮೂರನೆಯದರಲ್ಲಿ ಹನ್ನೆರಡು ಸೆಕೆಂಡು ಉಳಿದಾಗ ಕೀರ್ತನಾ ಐದು, ಪ್ರಿಯಾ ಮೂರು. ಆಗ ಪ್ರಿಯಾಳ ಎಡಗಾಲು ಎದ್ದಿತು. ಅಷ್ಟು ಚಂದದ ಒದೆಯನ್ನು ನಾನು ಕಲಿಸಿದ್ದೇನೆ ಎಂದರೆ ನನಗೇ ನಂಬಿಕೆ ಬರುವುದಿಲ್ಲ. ಕೀರ್ತನಾಳ ತಲೆಯ ಹೆಲ್ಮೆಟ್ಟಿಗೆ ಪಾದದ ಮೇಲ್ಭಾಗ ಪಟ್ಟೆಂದು ಬಡಿಯಿತು. ತಲೆಗೆ ಬಿದ್ದರೆ ಮೂರು ಅಂಕ. ಫಲಕದಲ್ಲಿ ಆರು-ಐದು ಎಂದು ಬಂತು. ಪ್ರಿಯಾ ಇನ್ನು ಹತ್ತು ಸೆಕೆಂಡು ಸುಮ್ಮನೆ ಹಿಂದೆ ಸರಿದಿದ್ದರೂ ಚಿನ್ನ ಅವಳದು.

ಅವಳು ಕೈ ಕೆಳಗಿಳಿಸಿದಳು. ಬಗ್ಗಿದಳು. ಬಲಗೈ ಬೆರಳಿನಿಂದ ಕೀರ್ತನಾಳ ಭುಜವನ್ನು ಮುಟ್ಟಿ, ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಅವಸರವಿಲ್ಲದೆ, ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. ಕೀರ್ತನಾ ಏಟು ತಿಂದ ಮಂಪರಿನಲ್ಲಿದ್ದಳು. ಅವಳ ಕಾಲು ಆಗಲೇ ಗಾಳಿಯಲ್ಲಿತ್ತು. ಬಗ್ಗಿದ ತಲೆಗೆ ಅದು ಬಿತ್ತು. ಎಂಟು-ಆರು. ಗಂಟೆ ಹೊಡೆಯಿತು.

ಕ್ರೀಡಾಂಗಣ ಮೊದಲು ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು. ನೇಪಾಳದ ಕೋಚ್ ನನ್ನ ಬೆನ್ನು ಚಪ್ಪರಿಸಿ, ಒಳ್ಳೆಯ ಹುಡುಗಿ, ಆದರೆ ಆ ಅಭ್ಯಾಸ ಬಿಡಿಸಿ ಎಂದು ಹಿಂದಿಯಲ್ಲಿ ಹೇಳಿದ. ಅಭ್ಯಾಸ! ಅಷ್ಟು ಜನರಲ್ಲಿ ಅದು ಅಭ್ಯಾಸವಲ್ಲ ಎಂದು ಗೊತ್ತಿದ್ದವನು ನಾನೊಬ್ಬ. ಅವಳು ನನ್ನ ಮಾತು ಕೇಳಿದ್ದಳು. ಸೋಲಲು ನೂರು ದಾರಿ ಇದ್ದವು. ಕೈ ಸಡಿಲ ಬಿಡಬಹುದಿತ್ತು, ಗೆರೆಯ ಆಚೆ ಕಾಲಿಡಬಹುದಿತ್ತು. ತನ್ನ ಮನೆಯಲ್ಲಿ ಮೂರು ತಲೆಮಾರಿಗೆ ಗೊತ್ತಿರುವ ನೋವನ್ನೇ ಆರಿಸಿಕೊಂಡು ಸೋತಳು. ಪದಕ ತೊಡಿಸುವಾಗ ನಾನು ಅವಳ ಮುಖ ನೋಡಲಿಲ್ಲ.

ಯಾರೋ ಮೊಬೈಲಿನಲ್ಲಿ ತೆಗೆದ ಆ ಹನ್ನೆರಡು ಸೆಕೆಂಡು ನಮಗಿಂತ ಮೊದಲು ಊರು ಮುಟ್ಟಿತ್ತು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಎಲ್ಲ ಊರಿನ ವಾಟ್ಸಾಪ್ ಗುಂಪುಗಳಲ್ಲೂ ಅದೇ. ‘ಒದ್ದ ಮೇಲೂ ಮುಟ್ಟಿ ನಮಸ್ಕರಿಸಿದ ನಮ್ಮ ಮಣ್ಣಿನ ಸಂಸ್ಕಾರ’ ಎಂದು ಯಾರೋ ಪುಣ್ಯಾತ್ಮ ಕೆಳಗೆ ಬರೆದಿದ್ದ. ಕೈ ಮುಗಿದ ಚಿತ್ರಗಳ ಸಾಲು. ಸೋತ ಹುಡುಗಿಯನ್ನು ಗೆದ್ದವಳಿಗಿಂತ ಹೆಚ್ಚು ಹೊಗಳಿದರು. ಈರಕ್ಕ ಬಸ್ಸಿನಲ್ಲಿ ಅದನ್ನು ಗಟ್ಟಿಯಾಗಿ ಹಾಕಿಕೊಂಡು ನೋಡುತ್ತಿದ್ದಳು. ಪ್ರಿಯಾ ಮುಂದಿನ ಸೀಟಿನಲ್ಲಿ ಕಿಟಕಿಯತ್ತ ಮುಖ ಮಾಡಿ ಕೂತಿದ್ದಳು.

ಬಸ್ ಸ್ಟ್ಯಾಂಡ್ ಸರ್ಕಲ್‌ನಲ್ಲಿ ಫ್ಲೆಕ್ಸ್ ಎರಡು ಮಹಡಿ ಎತ್ತರ ನಿಂತಿತ್ತು. ಕೀರ್ತನಾಳ ಫೋಟೊ, ಓಬಳೇಶಪ್ಪನವರ ಫೋಟೊ, ಕೆಳಗೆ ಮೂಲೆಯಲ್ಲಿ ನಾನು. ಪ್ರಿಯಾ ಎಲ್ಲೂ ಇರಲಿಲ್ಲ, ಬರೆಸುವಾಗ ಬೆಳ್ಳಿಯ ಲೆಕ್ಕ ಯಾರಿಗೂ ಇರಲಿಲ್ಲ. ಕೀರ್ತನಾಳ ಹೆಗಲಿಗೆ ಕರಿ ಕಂಬಳಿ ಬಂತು, ಆಮೇಲೆ ನನ್ನ ಹೆಗಲಿಗೂ ಬಂತು. ನಮ್ಮಲ್ಲಿ ಕಂಬಳಿ ಹೊದಿಸುವುದೆಂದರೆ ಸಣ್ಣ ಮಾತಲ್ಲ. ನನ್ನ ಅಪ್ಪನಿಗೆ ಸಿಗದ ಮರ್ಯಾದೆ ಅದು. ನಾನು ಅದರಡಿ ಬೆವರುತ್ತ ನಿಂತಿದ್ದೆ. ಪ್ರಿಯಾಳಿಗೊಂದು ಹೂವಿನ ಹಾರ ಹಾಕಿದರು. ಓಬಳೇಶಪ್ಪನವರು ಅವಳ ತಲೆ ಸವರಿ, ಭಾಳ ಒಳ್ಳೇ ಹುಡುಗಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಭೀಮರಾಜ ಮಗಳನ್ನು ಕರೆದುಕೊಂಡು ಹೋಗಲು ಬೈಕ್ ತಂದು ಜನರಾಚೆ ನಿಂತಿದ್ದರು. ಡ್ಯೂಟಿಯ ಖಾಕಿಯಲ್ಲೇ ಇದ್ದರು. ಗದ್ದಲ ಕಡಿಮೆಯಾದ ಮೇಲೆ ನನ್ನ ಹತ್ತಿರ ಬಂದರು. ಬೈಯಲು ಬಂದರು ಎಂದುಕೊಂಡು ನಾನು ಸಿದ್ಧನಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

“ತಪ್ಪು ತಿಳ್ಕೋಬ್ಯಾಡ್ರಿ ಸರ್. ನಾಲ್ಕು ವರ್ಷ ನೀವು ಕಲ್ಸಿದ್ದನ್ನ ಆಕಿ ಮಣ್ಣುಪಾಲು ಮಾಡಿದ್ಲು. ನಮ್ಮ ಮನ್ಯಾಗ ಇಲ್ಲದ್ದನ್ನ ಎಲ್ಲಿ ಕಲ್ತು ಬಂದಾಳೋ. ನನಗ ತಲಿ ಎತ್ತಾಕ ಆಗವಲ್ದು.”

ಅವರು ನನ್ನಲ್ಲಿ ಕ್ಷಮೆ ಕೇಳುತ್ತಿದ್ದರು! ಹೆಗಲ ಮೇಲಿನ ಕಂಬಳಿ ಒಮ್ಮೆಲೇ ಮಣಭಾರವಾಯಿತು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವರ ಹಿಂದೆ ಪ್ರಿಯಾ ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಆಗಲಿ ಬಿಡ್ರಿ, ಮಕ್ಕಳು ಎಂದೆ. ಇಷ್ಟೇ ನನ್ನ ಬಾಯಿಂದ ಬಂದದ್ದು. ಅವಳು ಹಾರವನ್ನು ಬೈಕಿನ ಕನ್ನಡಿಗೆ ಸಿಕ್ಕಿಸಿ ಅಪ್ಪನ ಹಿಂದೆ ಕೂತಳು.

ಆಮೇಲೆ ಅವಳು ತರಗತಿಗೆ ಬರಲಿಲ್ಲ. ಹುಡುಗರು ಒದ್ದು, ಮುಟ್ಟಿ, ಕಣ್ಣಿಗೊತ್ತಿಕೊಂಡು ನಗತೊಡಗಿದರು, ಪ್ರಿಯಾ ಸ್ಟೈಲ್ ಎಂದು ಅದಕ್ಕೊಂದು ಹೆಸರೂ ಆಯಿತು. ನಾನು ಗದರಿದರೆ ಇನ್ನೂ ಜೋರಾಗುತ್ತಿತ್ತು. ನಾಲ್ಕನೆಯ ದಿನ ಎಲ್ಲರೂ ಹೋದ ಮೇಲೆ ಕೀರ್ತನಾ ಉಳಿದಳು. ಚಾಪೆ ಮಡಚುತ್ತ, ತಲೆ ಎತ್ತದೆ ಹೇಳಿದಳು.

“ಸರ್, ಆ ಚಾಳಿ ಇದ್ದಿದ್ದು ನನಗ. ಆಕಿ ನನ್ನ ದಂಡ ಎಣಸಾಕಿ. ಆಕಿಗೆ ನೀವು ಏನ್ ಹೇಳಿದ್ರಿ?”

ನಾನು ಚಾಪೆಯ ಇನ್ನೊಂದು ತುದಿ ಹಿಡಿದು ಮಡಚತೊಡಗಿದೆ. ಅದೇ ಉತ್ತರವಾಯಿತು. ಅವಳ ಕಣ್ಣು ತುಂಬಿತು. ಪದಕ ಹಿಂದಿರುಗಿಸೋಣ ಎಂದರೆ ಅವಳ ಅಪ್ಪ ಅದಕ್ಕೆ ಭಂಡಾರದ ಅರಿಶಿನ ಹಚ್ಚಿ ದೇವರಮನೆಯಲ್ಲಿ ಮೈಲಾರಲಿಂಗನ ಜಗಲಿಯ ಮೇಲೆ ಇಟ್ಟಿದ್ದಾರೆ. ಜಗಲಿ ಏರಿದ್ದನ್ನು ಮನೆಯವರು ಇಳಿಸುವಂತಿಲ್ಲ. ದಿನಾ ಬೆಳಿಗ್ಗೆ ದೇವರಿಗೆ ಕೈ ಮುಗಿಯುವಾಗ ನಾನು ಅದಕ್ಕೂ ಕೈ ಮುಗಿಯಬೇಕು ಸರ್ ಎಂದಳು. ಇನ್ನು ಬರುವುದಿಲ್ಲ ಎಂದೂ ಹೇಳಿದಳು. ಹೀಗೆ ಒಂದೇ ಮಾತಿನಲ್ಲಿ ನಾನು ಇಬ್ಬರನ್ನೂ ಕಳೆದುಕೊಂಡಿದ್ದೆ.

ಆವತ್ತೇ ಬೆಳಿಗ್ಗೆ, ಭವನಕ್ಕೆ ಬೀಗ ಹಾಕಿ ನೇರವಾಗಿ ಭೀಮರಾಜರ ಮನೆಗೆ ಹೋದೆ. ಈ ನಾಲ್ಕು ವರ್ಷದಲ್ಲಿ ಓಬಳೇಶಪ್ಪನವರ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇನೋ ಗೊತ್ತಿಲ್ಲ. ಭೀಮರಾಜರ ಮನೆ ಭವನದಿಂದ ಎರಡೇ ಓಣಿ ಆಚೆ, ನಾನು ಒಮ್ಮೆಯೂ ಗೇಟು ದಾಟಿರಲಿಲ್ಲ. ಅವರು ನನಗಿಂತ ಹತ್ತು ವರ್ಷ ದೊಡ್ಡವರು, ಓಬಳೇಶಪ್ಪನವರಿಗೆ ಅಣ್ಣಾ ಎನ್ನುವ ನಾನು ಅವರನ್ನು ಎಂದೂ ಅಣ್ಣಾ ಎಂದಿರಲಿಲ್ಲ. ಕೈಬೀಸಿ, ಭೀಮರಾಜ, ಆರಾಮೇನು ಎನ್ನುತ್ತಿದ್ದೆ. ಇದನ್ನೆಲ್ಲ ನಾನು ಯೋಚಿಸಿ ಮಾಡಿದ್ದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಯೋಚಿಸದೆ ಮಾಡಿದ್ದು ಇನ್ನೂ ಕೆಟ್ಟದ್ದು ಎಂದು ಗೇಟಿನ ಚಿಲಕ ತೆಗೆಯುವಾಗ ಅನ್ನಿಸಿತು.

ಒಳಗೆ ಅಂಬೇಡ್ಕರರ ಪಟ, ಅದರ ಪಕ್ಕ ಬುದ್ಧನ ಸಣ್ಣ ಮೂರ್ತಿ, ಕಪಾಟಿನಲ್ಲಿ ಪ್ರಿಯಾ ಗೆದ್ದ ಹಳೆಯ ಪದಕಗಳ ಸಾಲು. ಬೆಳ್ಳಿ ಅಲ್ಲಿರಲಿಲ್ಲ. ಭೀಮರಾಜರ ಹೆಂಡತಿ ಕನಕಮ್ಮ ನೀರು ತಂದುಕೊಟ್ಟರು. ಕುಡಿದೆ. ಪ್ರಿಯಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಭೀಮರಾಜ ಎದ್ದು ಕುರ್ಚಿ ತೋರಿಸಿದರು. ನನಗೆ ಕೂರಲಾಗಲಿಲ್ಲ, ಮಾತೂ ಹೊರಡಲಿಲ್ಲ. ಮಾತು ಹೊರಡದಾಗ ನಮ್ಮ ದೇಹ ಏನು ಕಲಿತಿದೆಯೋ ಅದನ್ನೇ ಮಾಡುತ್ತದೆ. ನಾನು ಅವರ ಕಾಲು ಮುಟ್ಟಲು ಬಗ್ಗಿದೆ.

ಅರ್ಧಕ್ಕೇ ಅವರ ಕೈ ನನ್ನ ರಟ್ಟೆ ಹಿಡಿಯಿತು. ಕಂಬ ಹತ್ತುವ ಕೈ, ಗಟ್ಟಿ ಹಿಡಿತ. ಮೆಲ್ಲಗೆ ಮೇಲಕ್ಕೆತ್ತಿ ನೆಟ್ಟಗೆ ನಿಲ್ಲಿಸಿದರು.

“ಒಬ್ರೇ ಬಗ್ಗೋದು ಈ ಮನ್ಯಾಗ ಇಲ್ರಿ ಸರ್. ಏನೈತಿ, ನಿಂತು ಹೇಳ್ರಿ.”

ಕಾಲು ಹಿಡಿದಿದ್ದರೆ ಎಷ್ಟು ಸುಲಭವಿತ್ತು. ಮುಖ ನೆಲಕ್ಕಿರುತ್ತಿತ್ತು, ಎರಡು ಹನಿ ಕಣ್ಣೀರು ಬೀಳುತ್ತಿತ್ತು, ಏಳಿ ಸರ್ ಎಂದು ಅವರೇ ಎಬ್ಬಿಸುತ್ತಿದ್ದರು. ಈಗ ಅವರ ಕಣ್ಣು ನನ್ನ ಕಣ್ಣಿಗೆ ನೇರವಾಗಿತ್ತು. ಫೋನಿನ ಮಾತು, ಫ್ಲೆಕ್ಸಿನ ಮಾತು, ನೀರಿನ ಯಂತ್ರದ ಹತ್ತಿರ ನಾನು ಹೇಳಿದ ಸುಳ್ಳು, ಎಲ್ಲವನ್ನೂ ನಿಂತೇ ಹೇಳಿದೆ. ನಿಂತು ಹೇಳಿದರೆ ಪ್ರತಿ ಮಾತೂ ನಮ್ಮದೇ ಆಗಿಬಿಡುತ್ತದೆ. ಅವರು ನಡುವೆ ಒಂದು ಸಲವೂ ತಡೆಯಲಿಲ್ಲ. ಮುಗಿದ ಮೇಲೆ ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು.

“ಸೋಲೋದಾಗಿದ್ರ ಸುಮ್ನ ಸೋಲಬೇಕಿತ್ತವ್ವಾ. ಯಾಕ ಬಗ್ಗಿದಿ?”

ಪ್ರಿಯಾ ಇಷ್ಟು ದಿನ ತಡೆದುಕೊಂಡದ್ದು ಆಗ ಒಡೆಯಿತು. ಅಳುತ್ತಲೇ, ಆದರೆ ಸ್ಪಷ್ಟವಾಗಿ ಹೇಳಿದಳು.

“ಸುಮ್ನ ಸೋತಿದ್ರ ಸೋತಾಳ ಅಂತಿದ್ದಿ. ಬಗ್ಗಿದ್ರ ನಿನಗ ಗೊತ್ತಾಗ್ತೈತಿ ಅಂತ ಬಗ್ಗಿದೆ ಅಪ್ಪಾ. ನನ್ನ ಮಗಳು ಹಂಗ ಮಾಡಾಕಿ ಅಲ್ಲ, ಏನೋ ಆಗೈತಿ ಅಂತ ನೀನು ಕೇಳ್ತಿ ಅನ್ಕೊಂಡಿದ್ದೆ. ನೀನು ಕೇಳಲೇ ಇಲ್ಲ.”

ಭೀಮರಾಜ ನನಗೆ ತೋರಿಸಿದ ಕುರ್ಚಿಯಲ್ಲಿ ತಾವೇ ಕೂತರು. ನಾಲ್ಕು ದಿನ ಅವರು ಮಗಳೊಂದಿಗೆ ಮಾತಾಡಿರಲಿಲ್ಲವೆಂದು ಕನಕಮ್ಮ ಸಣ್ಣ ದನಿಯಲ್ಲಿ ನನಗೆ ಹೇಳಿದರು. ನನ್ನ ಒಂದು ಮಾತು ಈ ಮನೆಯೊಳಗೂ ಬಂದು ಕೂತಿತ್ತು. ಅಪ್ಪನೂ ಮಗಳೂ ಅಳುವುದನ್ನು ನೋಡುವ ಹಕ್ಕು ನನಗಿರಲಿಲ್ಲ. ನಾಳೆ ಬೆಳಿಗ್ಗೆ ತರಗತಿಯಲ್ಲಿ ಎಲ್ಲರ ಮುಂದೆ ಇದನ್ನೇ ಹೇಳುತ್ತೇನೆ, ಓಬಳೇಶಪ್ಪನವರಿಗೂ ಹೇಳುತ್ತೇನೆ ಎಂದೆ. ಭವನ ಹೋದರೆ ಹೋಗಲಿ ಎಂಬುದನ್ನು ಹೇಳಲಿಲ್ಲ, ಅದನ್ನು ತ್ಯಾಗದ ಹಾಗೆ ಹೇಳಿಕೊಳ್ಳುವ ಮುಖ ನನಗಿರಲಿಲ್ಲ. ಭೀಮರಾಜ ತಲೆಯಾಡಿಸಿದರು. ನಾನು ಹೊರಗೆ ಬಂದೆ.

ಪ್ರಿಯಾ ಗೇಟು ಹಾಕಲು ಬಂದಳು. ನಾನು ರಸ್ತೆಯಲ್ಲಿ ನಿಂತು, ಹಿಮ್ಮಡಿ ಕೂಡಿಸಿ, ಕೈ ಪಕ್ಕಕ್ಕಿಟ್ಟು, ಆವತ್ತು ಗೋವಾದಲ್ಲಿ ತಿರುಗಿ ಕೊಡದಿದ್ದುದನ್ನು ಕೊಡುವವನಂತೆ ಅವಳಿಗೆ ಬಗ್ಗಿದೆ. ಎದ್ದು ನೋಡಿದಾಗ ಅವಳು ಗೇಟಿನ ಆಚೆ ನೆಟ್ಟಗೆ ನಿಂತಿದ್ದಳು. ಕಣ್ಣು ಒರೆಸಿಕೊಂಡಳು, ಚಿಲಕ ಹಾಕಿದಳು. ಬಗ್ಗಲಿಲ್ಲ.